ಫ. ಗು. ಹಳಕಟ್ಟಿ: ಮೊಬೈಲಿಗೆ ಬರುವ ವಚನದ ಹಿಂದೆ ಸವೆದ ಒಂದು ಬದುಕು

ಜುಲೈ 2 ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹಳಕಟ್ಟಿಯವರ ಫೋಟೋ ಓಡಾಡಲು ಶುರುವಾಗುತ್ತದೆ. ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ, ಅಲ್ಲಿಂದ ಬಸವನ ಬಾಗೇವಾಡಿಗೆ, ಕೊನೆಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಫೋನಿಗೆ. ಫೋಟೋದ ಕೆಳಗೆ ನಾಲ್ಕು ಸಾಲು ಇರುತ್ತದೆ. ಇವರು ವಚನ ಪಿತಾಮಹರು, ಮನೆ ಮಾರಿ ಪ್ರೆಸ್ ಹಾಕಿದರು, ಸೈಕಲ್ ತುಳಿದು ಊರೂರು ಸುತ್ತಿದರು, ವಚನಗಳನ್ನು ಪ್ರಪಂಚದಲ್ಲೇ ಮೊದಲು ಅಚ್ಚು ಹಾಕಿಸಿದವರು ಇವರೇ. ಅದರ ಕೆಳಗೆ ಬಸವಣ್ಣನವರದು ಎಂದು ಹೇಳುವ ಒಂದು ವಚನವೂ ಇರುತ್ತದೆ. ಒಮ್ಮೊಮ್ಮೆ ಅದಕ್ಕೆ ಅಂಕಿತವೇ ಇರುವುದಿಲ್ಲ.

ಈ ಸಂದೇಶದಲ್ಲಿ ಹೆಚ್ಚಿನದು ನಿಜ, ಒಂದು ಮಾತು ತಪ್ಪು. ಅಂಕಿತವಿಲ್ಲದ ಆ ವಚನವಂತೂ ಹಳಕಟ್ಟಿಯವರು ಜೀವನವಿಡೀ ಯಾವುದರ ವಿರುದ್ಧ ಗುದ್ದಾಡಿದರೋ ಅದೇ. ಆದ್ದರಿಂದ ಅವರ ಕಥೆಯನ್ನು ಇಲ್ಲಿ ಮೊದಲಿನಿಂದ ಹೇಳುತ್ತೇವೆ. ಹೇಳುತ್ತಾ, ಕನ್ನಡದ ಅಕ್ಷರವೊಂದು ನಿಮ್ಮ ಫೋನಿನೊಳಗೆ ಹೇಗೆ ಕೂತಿದೆ ಎನ್ನುವುದನ್ನೂ ನೋಡೋಣ. ಇವೆರಡೂ ಬೇರೆ ಬೇರೆ ವಿಷಯ ಎಂದು ಅನ್ನಿಸಬಹುದು. ಅಲ್ಲ.

ಧಾರವಾಡದ ಹುಡುಗ ವಿಜಯಪುರಕ್ಕೆ

ಪೂರ್ತಿ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯುತ್ತಿದ್ದವರು. ಅದೇ ತಿಂಗಳು, ಹತ್ತೇ ದಿನ ತಡವಾಗಿ, ವಿಜಯಪುರದಲ್ಲಿ ಇನ್ನೊಂದು ಮಗು ಹುಟ್ಟಿತು. ಅದು ಮುಂದೆ ಕರ್ನಾಟಕ ಏಕೀಕರಣದ ಕುಲಪುರೋಹಿತ ಎನಿಸಿಕೊಂಡ ಆಲೂರು ವೆಂಕಟರಾಯರು. ಇಬ್ಬರೂ ಓದಿಗಾಗಿ ಮುಂಬೈಗೆ ಹೋದರು, ಅಲ್ಲಿ ಗೆಳೆಯರಾದರು. ಆಮೇಲೆ ಊರುಗಳನ್ನೇ ಅದಲುಬದಲು ಮಾಡಿಕೊಂಡವರಂತೆ ವಿಜಯಪುರದ ಆಲೂರರು ಧಾರವಾಡದವರಾದರು, ಧಾರವಾಡದ ಹಳಕಟ್ಟಿ ವಿಜಯಪುರದವರಾದರು. ತೀರಿಕೊಂಡದ್ದೂ ಒಂದೇ ವರ್ಷ.

ಹಳಕಟ್ಟಿ ಕಾನೂನು ಪದವಿ ಪಡೆದದ್ದು 1904ರಲ್ಲಿ. ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ ವಿಜಯಪುರಕ್ಕೆ ಬಂದರು. ಕೆಲಸ ಚೆನ್ನಾಗಿ ನಡೆಯಿತು. ಸರ್ಕಾರಿ ವಕೀಲರೂ ಆದರು. ಬಿ.ಎಲ್.ಡಿ.ಇ. ಸಂಸ್ಥೆಯ ಹುಟ್ಟಿನಲ್ಲಿ (1910), ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಯಲ್ಲಿ (1912) ಅವರ ಕೈ ಇದೆ. ಮುಂಬೈ ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ಇಷ್ಟಕ್ಕೇ ನಿಂತಿದ್ದರೂ ಜಿಲ್ಲೆಯ ಒಂದು ರಸ್ತೆಗೆ ಅವರ ಹೆಸರು ಬರುತ್ತಿತ್ತು, ನಾವು ಈ ಲೇಖನ ಬರೆಯುತ್ತಿರಲಿಲ್ಲ.

ಆಗಿನ ವಿಜಯಪುರ ಮುಂಬೈ ಪ್ರಾಂತ್ಯದಲ್ಲಿತ್ತು ಎನ್ನುವುದನ್ನು ಮರೆಯಬಾರದು. ಮರಾಠಿ, ಗುಜರಾತಿ, ಸಿಂಧಿ ಎಲ್ಲ ಸೇರಿದ ಆ ದೊಡ್ಡ ಪ್ರಾಂತ್ಯದಲ್ಲಿ ಕನ್ನಡ ಅಲ್ಪಸಂಖ್ಯಾತರ ಭಾಷೆ. ಹಳೆಯ ಕಂದಾಯದ ದಫ್ತರಗಳು ಎಷ್ಟೋ ಕಡೆ ಮೋಡಿ ಲಿಪಿಯಲ್ಲಿದ್ದವು. ಮೋಡಿ ಎಂದರೆ ಮರಾಠಿಯನ್ನು ಕೈ ಎತ್ತದೆ ಸರಸರನೆ ಬರೆಯುವ ಲಿಪಿ. ಇಂದು ಅದನ್ನು ಓದಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ಮನೆಯ ಹಳೇ ಹೊಲದ ಕಾಗದದಲ್ಲಿ ಅಂಥ ಬರಹ ಇದ್ದರೂ ಇರಬಹುದು, ತೆಗೆದು ನೋಡಿ. ಒಂದು ಲಿಪಿ ಹೀಗೆ ಎರಡು ಮೂರು ತಲೆಮಾರಿನಲ್ಲಿ ಅಪರಿಚಿತವಾಗಿಬಿಡುತ್ತದೆ. ತನ್ನದೇ ಪ್ರಾಂತ್ಯದಲ್ಲಿ ಬದಿಗೆ ಸರಿದಿದ್ದ ಕನ್ನಡಕ್ಕೆ ಹಾಗಾಗುವುದಿಲ್ಲ ಎಂದು ಹೇಳುವ ಧೈರ್ಯ ಆಗ ಎಲ್ಲರಿಗೂ ಇರಲಿಲ್ಲ.

ಜಗಲಿಯ ಮೇಲಿನ ಕಟ್ಟು

ಈ ನಾಲ್ಕು ತಾಲ್ಲೂಕುಗಳಲ್ಲಿ ಬರಹದ ಇತಿಹಾಸ ಬಹಳ ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, 945ರ ಶಾಸನವಿದೆ. ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳಿಗೆ ಊಟ, ವಸತಿ, ದೀಪದೆಣ್ಣೆಗೆ ದತ್ತಿ ಬಿಟ್ಟ ವಿವರ ಅದರಲ್ಲಿದೆ. ಅಲ್ಲಿ ನಾಗರಿ ಅಕ್ಷರದ ಸಂಸ್ಕೃತವೂ ಇದೆ, ಕನ್ನಡವೂ ಇದೆ. ಬಸವನ ಬಾಗೇವಾಡಿ ಬಸವಣ್ಣನವರ ಊರು ಎಂದು ಹೇಳಬೇಕಾಗಿಲ್ಲ. ಮಡಿವಾಳ ಮಾಚಯ್ಯನ ಊರು ದೇವರಹಿಪ್ಪರಗಿ. ಈಗ ಬೇರೆ ತಾಲ್ಲೂಕಾಗಿದೆ, ಹಿಂದೆ ಸಿಂದಗಿಗೆ ಸೇರಿತ್ತು. ಮುದ್ದೇಬಿಹಾಳದ ಕಡೆ, ಕೃಷ್ಣಾ ದಂಡೆಯ ತಂಗಡಗಿಯಲ್ಲಿ, ನೀಲಮ್ಮನ ಸ್ಮಾರಕವಿದೆ.

ಊರುಗಳು ಉಳಿದಿದ್ದವು. ಆದರೆ ಇವರೆಲ್ಲ ಹೇಳಿದ ವಚನಗಳು ಎಲ್ಲಿದ್ದವು?

ಮಠಗಳ ಗೂಡಿನಲ್ಲಿ, ಮನೆಗಳ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳಲ್ಲಿ. ವಿಭೂತಿ ಹಚ್ಚಿ, ಹೂವಿಟ್ಟು, ವರ್ಷಕ್ಕೊಮ್ಮೆ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ತಾಳೆಗರಿಗೆ ಹುಳು ಬೀಳುತ್ತದೆ, ಒಣಗಿದರೆ ಅಂಚು ಮುರಿಯುತ್ತದೆ, ನೀರು ಬಿದ್ದರೆ ಕೊಳೆಯುತ್ತದೆ. ಹಾಗಾಗಿ ಹಿಂದಿನವರು ನೂರು ಇನ್ನೂರು ವರ್ಷಕ್ಕೊಮ್ಮೆ ಹಳೆಯ ಕಟ್ಟನ್ನು ನೋಡಿ ಹೊಸ ಗರಿಯ ಮೇಲೆ ನಕಲು ಮಾಡುತ್ತಿದ್ದರು. ಆ ಅಭ್ಯಾಸ ನಿಂತ ಮೇಲೆ ಕಟ್ಟಿನ ಆಯುಷ್ಯ ಗರಿಯ ಆಯುಷ್ಯದಷ್ಟೇ.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಬಿಡೋಣ. ಬಸವಣ್ಣನವರ ಸ್ವಂತ ಕೈಬರಹ ಎಂದು ತಾಳೆಗರಿಯ ಫೋಟೋ ನಿಮಗೆ ಬಂದರೆ ನಂಬಬೇಡಿ. ಹನ್ನೆರಡನೇ ಶತಮಾನದ ವಚನಕಾರರ ಕೈಯಾರೆ ಬರೆದ ಗರಿ ಒಂದೂ ನಮಗೆ ಸಿಕ್ಕಿಲ್ಲ. ನಮ್ಮ ಕೈಗೆ ಬಂದಿರುವುದು ಶತಮಾನಗಳ ನಂತರ ಯಾರ್‍ಯಾರೋ ಮಾಡಿದ ನಕಲಿನ ನಕಲುಗಳು. ಒಂದು ಲೆಕ್ಕದಲ್ಲಿ ಅವೂ ಫಾರ್ವರ್ಡುಗಳೇ. ಮುಂದಿನವನಿಗೆ ದಾಟಿಸಿದವನು ಸರಿಯಾಗಿ ದಾಟಿಸಿದನೇ ಎನ್ನುವುದೇ ಪ್ರಶ್ನೆ.

ಯುವಕ ಹಳಕಟ್ಟಿಗೆ ಇಂಥ ಕಟ್ಟುಗಳು ಕಣ್ಣಿಗೆ ಬಿದ್ದದ್ದು ರಬಕವಿ-ಬನಹಟ್ಟಿಯ ಸೀಮೆಯಲ್ಲಿ, ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲಿ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ, ಕೋರ್ಟಿನ ಕೆಲಸದ ನಡುವೆ, ಅವರು ಊರೂರು ತಿರುಗಿ ಕಟ್ಟುಗಳನ್ನು ಹುಡುಕಿದರು. ಪೂಜೆಯ ಕಟ್ಟನ್ನು ಪರರ ಕೈಗೆ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಕೆಲವರು ಕೊಟ್ಟರು, ಕೆಲವರು ಎದುರಿಗೇ ಕೂತು ನಕಲು ಮಾಡಿಕೊಳ್ಳಿ ಎಂದರು, ಕೆಲವರು ಕೊಡಲಿಲ್ಲ.

ಸಿಕ್ಕರೂ ಓದುವುದು ಸುಲಭವಲ್ಲ. ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತೀಡದ ಹೊರತು ಅದು ಕಾಣುವುದಿಲ್ಲ. ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ. ಒಂದು ಗೆರೆಯ ತುಂಬ ಅಕ್ಷರದ ಸಾಲು, ಎಲ್ಲಿ ಒಡೆಯಬೇಕೆಂದು ಓದುವವನೇ ನಿರ್ಧರಿಸಬೇಕು. ಎಷ್ಟೋ ಕಡೆ ಎ-ಏ, ಒ-ಓ ನಡುವೆ ವ್ಯತ್ಯಾಸವನ್ನೇ ತೋರಿಸುವುದಿಲ್ಲ. ಪ ಮತ್ತು ವ, ದ ಮತ್ತು ಧ ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಒಬ್ಬ ನಕಲುಗಾರ ಕಣ್ತಪ್ಪಿ ಒಂದು ಸಾಲು ಹಾರಿಸಿದ್ದರೆ ಅದು ಮುಂದಿನ ಎಲ್ಲ ನಕಲಿನಲ್ಲೂ ಹೋಯಿತು. ಆದ್ದರಿಂದ ಒಂದೇ ಕಟ್ಟನ್ನು ನಂಬುವಂತಿಲ್ಲ. ಒಂದೇ ವಚನದ ಎರಡು ಮೂರು ಪ್ರತಿ ಪಕ್ಕಪಕ್ಕ ಇಟ್ಟುಕೊಂಡು, ಯಾವ ಪಾಠ ಅರ್ಥಕ್ಕೆ ಹೊಂದುತ್ತದೆ ಎಂದು ತೂಗಬೇಕು. ವಕೀಲರಿಗೆ ಇದು ಹೊಸದಲ್ಲ; ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಕೆಲಸ. ಹಳಕಟ್ಟಿಯವರ ಕಸುಬು ಇಲ್ಲಿ ಅವರಿಗೆ ಸಹಾಯವಾಯಿತು ಎಂದೇ ನಮ್ಮ ಭಾವನೆ.

ಮೊದಲಿಗರು ಹೌದೇ?

ಈಗ ಆ ತಪ್ಪು ಮಾತಿಗೆ ಬರೋಣ. ವಚನವನ್ನು ಮೊಟ್ಟಮೊದಲು ಅಚ್ಚು ಹಾಕಿಸಿದವರು ಹಳಕಟ್ಟಿ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲೇ ಕೆಲವು ವಚನ ಗ್ರಂಥಗಳು ಅಚ್ಚಾಗಿದ್ದವು. ಆದರೆ ಅವು ಅಲ್ಲೊಂದು ಇಲ್ಲೊಂದು. ಯಾರು ಯಾರು ವಚನಕಾರರು, ಯಾರ ವಚನ ಯಾವುದು, ಒಟ್ಟು ಎಷ್ಟಿವೆ ಎಂಬ ಚಿತ್ರ ಯಾರ ಬಳಿಯೂ ಇರಲಿಲ್ಲ. ಹಳಕಟ್ಟಿ ಹೊರತಂದ ವಚನಕಾರರ ಸಂಖ್ಯೆ ಇನ್ನೂರನ್ನು ದಾಟುತ್ತದೆ. ಮೊದಲಿಗರು ಎನ್ನುವುದಕ್ಕಿಂತ ಇದು ದೊಡ್ಡದು. ಪಾಪ, ಫಾರ್ವರ್ಡು ಬರೆದವರು ಹೊಗಳಲು ಹೋಗಿ ಸಣ್ಣದನ್ನು ಹೊಗಳಿದ್ದಾರೆ.

ಅವರ ಮೊದಲ ದೊಡ್ಡ ಪುಸ್ತಕ 'ವಚನಶಾಸ್ತ್ರಸಾರ'. ವಚನಗಳನ್ನು ವಿಷಯದ ಪ್ರಕಾರ ಜೋಡಿಸಿ ಸಿದ್ಧಪಡಿಸಿದ ಸಂಕಲನ. ಅದನ್ನು ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರು. ಕನ್ನಡದ ಒಳ್ಳೆಯ ಅಚ್ಚುಮೊಳೆ ಆಗ ಅಲ್ಲಿತ್ತು. ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಇದರ ನಡುವೆ, 1922ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು 'ಇಂಡಿಯನ್ ಆ್ಯಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಇನ್ನೊಬ್ಬರ ಪ್ರೆಸ್ಸನ್ನು ನಂಬಿದರೆ ಕೆಲಸ ಸಾಗುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. 1925ರಲ್ಲಿ ವಿಜಯಪುರದಲ್ಲಿ ಸ್ವಂತ 'ಹಿತಚಿಂತಕ' ಮುದ್ರಣಾಲಯ ಶುರುವಾಯಿತು. ಅದಕ್ಕೆ ಮನೆ ಮಾರಿದ್ದು ನಿಜ. ಆಮೇಲೆ ಬಾಡಿಗೆ ಮನೆಯಲ್ಲಿ ಬಾಳಿದ್ದೂ ನಿಜ. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. 1926ರಲ್ಲೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1930ರಲ್ಲಿ 'ಶೂನ್ಯಸಂಪಾದನೆ'. ಹರಿಹರನ ರಗಳೆಗಳನ್ನೂ ಹೊರತಂದರು. ಪತ್ರಿಕೆಗೆ ಬರೆಯುವುದು, ಕರಡು ತಿದ್ದುವುದು, ಅಚ್ಚಾದ ಮೇಲೆ ವಿಳಾಸ ಬರೆದು ಅಂಚೆಗೆ ಹಾಕುವುದು, ಎಲ್ಲದರಲ್ಲೂ ಅವರದೇ ಕೈ. ಚಂದಾದಾರರು ಬೆರಳೆಣಿಕೆಯಷ್ಟು ಎನ್ನಬಹುದಾದ ಸ್ಥಿತಿಯಲ್ಲೂ 'ಶಿವಾನುಭವ' ಮೂರು ದಶಕ ದಾಟಿ ನಡೆಯಿತು. ವಕೀಲಿಯ ಗಳಿಕೆ ಪ್ರೆಸ್ಸಿನ ಸೀಸದಲ್ಲಿ ಕರಗಿತು. ಹರಿದ ಕೋಟಿನ ಕಥೆ ಹುಟ್ಟಿದ್ದು ಹೀಗೆ.

ಅದೇ ಹೊತ್ತಿನಲ್ಲಿ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಹಾಡುಗಳನ್ನು ಬರೆದುಕೊಳ್ಳುತ್ತಿದ್ದರು. 'ಗರತಿಯ ಹಾಡು' 1931ರಲ್ಲಿ ಪುಸ್ತಕವಾಯಿತು. ಒಂದು ಕಡೆ ಗರಿಯಿಂದ ಅಚ್ಚಿಗೆ, ಇನ್ನೊಂದು ಕಡೆ ನಾಲಿಗೆಯಿಂದ ಅಚ್ಚಿಗೆ. ಒಂದೇ ಜಿಲ್ಲೆ. ಬರಗಾಲದ ಜಿಲ್ಲೆ ಎಂದು ಹೆಸರಾದ ನೆಲದಲ್ಲಿ ಈ ಸುಗ್ಗಿ!

ಸೀಸದ ಮೊಳೆಯಿಂದ ಸಂಖ್ಯೆಗೆ

ಹಿತಚಿಂತಕ ಪ್ರೆಸ್ಸಿನಂಥ ಕಡೆ ಒಂದೊಂದು ಅಕ್ಷರವೂ ಒಂದು ಸೀಸದ ಮೊಳೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ಮರದ ಪೆಟ್ಟಿಗೆಯಲ್ಲಿ ಪ್ರತಿಯೊಂದಕ್ಕೂ ಒಂದು ಖಾನೆ. ಮೊಳೆ ಜೋಡಿಸುವವನ ಕೈ ನೋಡದೆಯೇ ಆ ಖಾನೆಗೆ ಹೋಗಬೇಕು. ಯಾವ ಖಾನೆಯಲ್ಲಿ ಯಾವ ಅಕ್ಷರ ಎಂಬ ಈ ಒಪ್ಪಂದವೇ ಎಲ್ಲದಕ್ಕೂ ಬುನಾದಿ.

ನಿಮ್ಮ ಫೋನಿನಲ್ಲೂ ಹೀಗೇ. ಅದಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡ ಲಿಪಿಗೆ 3200ರಿಂದ 3327ರವರೆಗೆ 128 ಖಾನೆಗಳನ್ನು ಮೀಸಲಿಟ್ಟಿದ್ದಾರೆ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ನೀವು ವಚನ ಎಂದು ಟೈಪ್ ಮಾಡಿದರೆ ಫೋನು ಕಳಿಸುವುದು 3253, 3226, 3240 ಎಂಬ ಮೂರು ಸಂಖ್ಯೆ. ಬಸವಣ್ಣ ಎಂದರೆ ಆರು: ಬ, ಸ, ವ, ಣ, ನಡುವೆ ಒತ್ತು ಮೂಡಿಸುವ ಒಂದು ಗುಪ್ತ ಚಿಹ್ನೆ, ಮತ್ತೆ ಣ. ಆ ಕಡೆಯ ಫೋನು ಸಂಖ್ಯೆಗಳನ್ನು ಓದಿ, ತನ್ನಲ್ಲಿರುವ ಫಾಂಟಿನಿಂದ ಅಕ್ಷರ ಬಿಡಿಸುತ್ತದೆ. ಹಳೇ ಎಸ್ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿಯುತ್ತಿದ್ದ ಜಾಗದಲ್ಲಿ ಕನ್ನಡಕ್ಕೆ 70 ಮಾತ್ರ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಇದೇ: ಇಂಗ್ಲಿಷಿನ ಚಿಕ್ಕ ಸಂಖ್ಯೆಗಳಿಗೆ ಕಡಿಮೆ ಜಾಗ ಸಾಕು, ನಮ್ಮ ದೊಡ್ಡ ಸಂಖ್ಯೆಗಳಿಗೆ ಸಾಲದು.

ಯೂನಿಕೋಡ್ ಸಂಖ್ಯೆ ಕೊಟ್ಟಿರುವುದು ಲಿಪಿಗೆ, ಭಾಷೆಗಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಮುದ್ದೇಬಿಹಾಳದ ತಾಂಡಾದ ಹುಡುಗಿಯೊಬ್ಬಳು ಲಂಬಾಣಿ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅದೇ 128 ಖಾನೆಗಳು ಅವಳ ಭಾಷೆಯನ್ನೂ ಹೊರುತ್ತವೆ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಯಂಥ ಭಾಷೆಗಳಲ್ಲಿ ಮೂಗಿನಿಂದ ಹೊರಡುವ ಸ್ವರಕ್ಕೆ ಬೇಕಾದ ಒಂದು ಚಿಹ್ನೆ 2022ರಲ್ಲಷ್ಟೇ ಈ ಖಾನೆಗಳಿಗೆ ಬಂತು. ಆಗ ಹೆದರಿಸಿದ್ದ ಮೋಡಿಗೆ 2014ರಲ್ಲಿ ಬೇರೆಯೇ ಜಾಗ ಸಿಕ್ಕಿತು. ತುಳು ಲಿಪಿ 2024ರವರೆಗೆ ಕಾಯಬೇಕಾಯಿತು. ಸಂಖ್ಯೆ ಸಿಗದ ಲಿಪಿಯನ್ನು ಫೋಟೋ ಆಗಿ ಕಳಿಸಬಹುದೇ ಹೊರತು ಟೈಪ್ ಮಾಡಲು, ಹುಡುಕಲು ಆಗುವುದಿಲ್ಲ.

ಯೂನಿಕೋಡ್ ಇದ್ದರೂ ನಾವು ಬಹಳ ವರ್ಷ ಅದನ್ನು ಬಳಸಲಿಲ್ಲ. ನುಡಿ, ಬರಹ, ಶ್ರೀಲಿಪಿ ಎಂದು ಹಲವು ತಂತ್ರಾಂಶಗಳು ಬಂದವು. ಅವುಗಳಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಖಾನೆಗಳಲ್ಲೇ ಕನ್ನಡದ ಚಿತ್ರ ಕೂಡಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪಹಣಿಯೋ ಲಗ್ನಪತ್ರಿಕೆಯೋ ಹಾಗೆ ಬಂದದ್ದನ್ನು ನೀವೂ ನೋಡಿರುತ್ತೀರಿ. ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಅವು ಇಂದು ಅಂತರ್ಜಾಲದ 'ವಚನ ಸಂಚಯ'ದಲ್ಲಿ ಹುಡುಕಿದರೆ ಸಿಗುತ್ತವೆ. ಹಾಗೆ ಸಿಗಬೇಕಾದರೆ ಹಳೆಯ ಫಾಂಟಿನ ಅಕ್ಷರಗಳನ್ನೆಲ್ಲ ಯೂನಿಕೋಡಿಗೆ ದಾಟಿಸಬೇಕಿತ್ತು. ಗರಿಯಿಂದ ಗರಿಗೆ ನಕಲು ಮಾಡಿದವರ ಕೆಲಸ ಮತ್ತೆ ಶುರುವಾಯಿತು ಎನ್ನಿ. ನಕಲುಗಾರನ ಕಣ್ತಪ್ಪೂ ಜೊತೆಗೇ ಬಂತು.

ಒಂದು ಉದಾಹರಣೆ ಕೊಡುತ್ತೇವೆ. ಅನುಸ್ವಾರದ ಸೊನ್ನೆಗೆ ಯೂನಿಕೋಡಿನಲ್ಲಿ 3202. ಕನ್ನಡ ಅಂಕಿಯ ಸೊನ್ನೆಗೆ 3302. ನೋಡಲು ಎರಡೂ ದುಂಡಗೆ. ಕೂಡಲಸಂಗಮದೇವ ಎನ್ನುವಲ್ಲಿ ಯಾರೋ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದರೆ ನಿಮ್ಮ ಕಣ್ಣಿಗೆ ಏನೂ ಗೊತ್ತಾಗದಿರಬಹುದು. ಆದರೆ ಹುಡುಕಿದರೆ ಆ ವಚನ ಸಿಗುವುದಿಲ್ಲ. ಕಂಪ್ಯೂಟರಿನ ಮಟ್ಟಿಗೆ ಅದು ಬಸವಣ್ಣನವರ ಅಂಕಿತವೇ ಅಲ್ಲ. ಇಷ್ಟು ದೊಡ್ಡ ಪಟ್ಟಿಯಲ್ಲಿ ನೂರರ ವ್ಯತ್ಯಾಸ.

ಹಳಕಟ್ಟಿಯವರ ಹೆಸರಿನ ಮೊದಲ ಅಕ್ಷರಕ್ಕೂ ಇಲ್ಲೊಂದು ಕಥೆ ಇದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಬಾಳೆ ಆಗ ಬಾೞೆ, ಏಳು ಆಗ ಏೞು. ತಮಿಳಿನಲ್ಲಿ ಆ ಧ್ವನಿ ಇನ್ನೂ ಇದೆ, ನಮ್ಮಲ್ಲಿ ಅದು ಳ ಜೊತೆ ಬೆರೆತುಹೋಯಿತು. ಯೂನಿಕೋಡ್ ಪಟ್ಟಿ ಮಾಡಿದವರು ಈ ಅಕ್ಷರಕ್ಕೆ 3294ನೇ ಖಾನೆ ಕೊಟ್ಟರು. ಆದರೆ ಹೆಸರು ಬರೆಯುವಾಗ ಎಡವಿ ಕನ್ನಡ ಲೆಟರ್ ಫಾ ಎಂದು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದು ಎಂಬುದು ಯೂನಿಕೋಡಿನ ಕಟ್ಟುನಿಟ್ಟು. ಹೆಸರನ್ನೇ ನಂಬಿ ನಡೆಯುವ ತಂತ್ರಾಂಶಗಳು ಕೆಡಬಾರದೆಂದು ಆ ನಿಯಮ. ಆದ್ದರಿಂದ ತಪ್ಪು ಹೆಸರು ಇಂದಿಗೂ ಹಾಗೇ ಇದೆ, ಕೋರ್ಟು ಕಾಗದದಲ್ಲಿ ಉರ್ಫ್ ಎಂದು ಸೇರಿಸಿದ ಹಾಗೆ ಸರಿಯಾದ ಹೆಸರನ್ನು ಪಕ್ಕದಲ್ಲಿ ದಾಖಲಿಸಿದ್ದಾರೆ. ಹಾಗಾಗಿ ೞ ಎಂದರೆ ಕನ್ನಡದ ಫ್ಯಾನ್, ಫೋನ್‌ನಲ್ಲಿ ಬರುವ ಧ್ವನಿಯ ಅಕ್ಷರ ಎಂದು ಯಾರಾದರೂ ಆ ಪಟ್ಟಿ ತೋರಿಸಿ ವಾದಿಸಿದರೆ ಒಪ್ಪಬೇಡಿ. ಫಕೀರಪ್ಪನ ಫ ಇರುವುದು 3243ರಲ್ಲಿ, ನಮ್ಮ ಎಂದಿನ ಪ-ಫ-ಬ-ಭ ಸಾಲಿನಲ್ಲೇ.

ಸಂಖ್ಯೆ ಸರಿ ಇದ್ದರೆ ಸಾಕೇ?

ಸಾಲದು. ಅಂಕಿತವಿಲ್ಲದ ಆ ವಚನದ ಸಮಸ್ಯೆ ಇರುವುದು ಇಲ್ಲಿ. ಯೂನಿಕೋಡ್ ಅಕ್ಷರವನ್ನು ಕಾಯುತ್ತದೆ, ಮಾತನ್ನು ಕಾಯುವುದಿಲ್ಲ. ನಿನ್ನೆ ಯಾರೋ ಬರೆದ ನಾಲ್ಕು ಸಾಲು ಬಸವಣ್ಣನವರ ಚಿತ್ರದ ಕೆಳಗೆ ಬಂದರೆ ಅದರ ಪ್ರತಿ ಅಕ್ಷರದ ಸಂಖ್ಯೆಯೂ ಸರಿಯಾಗಿಯೇ ಇರುತ್ತದೆ. ತಾಳೆಗರಿಗೆ ಹುಳು ಹಿಡಿದರೆ ತೂತು ಕಾಣುತ್ತಿತ್ತು. ಇಲ್ಲಿ ತೂತು ಕಾಣುವುದಿಲ್ಲ.

ಹಳಕಟ್ಟಿಯವರಿಗೆ ಗುರುತು ಹಿಡಿಯಲು ಇದ್ದ ದೊಡ್ಡ ಆಸರೆ ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಚೆನ್ನಬಸವಣ್ಣನಿಗೆ ಕೂಡಲಚೆನ್ನಸಂಗಮದೇವ. ಕಟ್ಟಿನಲ್ಲಿ ಹೆಸರಿಲ್ಲದೆ ಬೆರಸಿ ಬರೆದ ವಚನಗಳನ್ನು ವಿಂಗಡಿಸಲು ಇದೇ ಕೀಲಿಕೈ. ಅಷ್ಟು ಗೊತ್ತಿದ್ದರೆ ನಿಮಗೂ ಅರ್ಧ ಪರೀಕ್ಷೆ ಮಾಡಿದ ಹಾಗೆ. ಉಳಿದರ್ಧಕ್ಕೆ ವಚನದ ಮೊದಲ ಮೂರು ಪದಗಳನ್ನು ಹುಡುಕಿ ನೋಡಬೇಕು, ಅರ್ಧ ನಿಮಿಷದ ಕೆಲಸ. ಹಳಕಟ್ಟಿ ಇದಕ್ಕೆ ಸೈಕಲ್ ತುಳಿಯುತ್ತಿದ್ದರು.

ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಆ ಸುಪ್ರಸಿದ್ಧ ಮಾತನ್ನೇ ತೆಗೆದುಕೊಳ್ಳಿ. ಬಸ್ಸಿನ ಮೇಲೆ, ಅಂಗಡಿಯ ಗಲ್ಲೆಯ ಹಿಂದೆ, ಶಾಲೆಯ ಗೋಡೆಯ ಮೇಲೆ ಬಸವಣ್ಣನವರ ಹೆಸರಿನಲ್ಲಿ ಅದು ಇರುತ್ತದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಕಿತ ಅಮರೇಶ್ವರಲಿಂಗ. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದವನ ಬಾಯಿಂದ ಬಂದ ಮಾತು ಎಂದು ತಿಳಿದು ಓದಿದರೆ ಅದರ ತೂಕ ಹೆಚ್ಚುತ್ತದೆ ಎಂದು ನಮಗನ್ನಿಸುತ್ತದೆ. ಬಸವಣ್ಣನವರಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ. ಮಾರಯ್ಯನಿಗೆ ಮಾತ್ರ ಅವನ ಇದ್ದ ಒಂದು ಆಸ್ತಿ ಕೈ ತಪ್ಪುತ್ತಿದೆ.

ಇನ್ನೊಂದು ಸಣ್ಣ ಮಾತು. ವಚನವನ್ನು ಹೂವಿನ ಚಿತ್ರದ ಮೇಲೆ ಬರೆಸಿ ಫೋಟೋ ಮಾಡಿ ಕಳಿಸುವ ಬದಲು ಅಕ್ಷರವಾಗಿಯೇ ಕಳಿಸಿ. ಹಾಗೆ ಕಳಿಸಿದ್ದನ್ನು ಆಮೇಲೆ ಹುಡುಕಬಹುದು, ನಕಲು ಮಾಡಬಹುದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳುತ್ತದೆ. ಫೋಟೋದಲ್ಲಿರುವ ವಚನ ಫೋನಿನ ಮಟ್ಟಿಗೆ ಬಣ್ಣದ ಚುಕ್ಕೆಗಳ ರಾಶಿ, ಅಷ್ಟೇ.

ಕೊನೆಯ ವರ್ಷಗಳು

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ನವೆಂಬರ್ 1ರಂದು ವಿಜಯಪುರ ಮುಂಬೈಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಪಸಂಖ್ಯಾತರ ಭಾಷೆಯಾಗಿದ್ದ ಕನ್ನಡ ಜಿಲ್ಲೆಯ ಆಡಳಿತ ಭಾಷೆಯಾಗುವ ದಾರಿ ತೆರೆಯಿತು. ಹಳಕಟ್ಟಿಯವರಿಗೆ ಆಗ 76 ವರ್ಷ. ಕೈಯಲ್ಲಿ ಹಣವಿರಲಿಲ್ಲ, ಮನೆಯ ತುಂಬ ಪುಸ್ತಕ, ಕರಡು, ಕಟ್ಟು. 1964ರ ಫೆಬ್ರುವರಿಯಲ್ಲಿ ಆಲೂರು ವೆಂಕಟರಾಯರು ತೀರಿಕೊಂಡರು. ಜೂನ್ 29ರಂದು ವಿಜಯಪುರದಲ್ಲಿ ಹಳಕಟ್ಟಿಯವರೂ ಹೋದರು, 84 ತುಂಬಲು ಮೂರು ದಿನ ಇತ್ತು.

ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರ ಇದೆ, ಅವರ ಸಮಗ್ರ ಸಾಹಿತ್ಯವನ್ನು ಅದು ಸಂಪುಟಗಳಲ್ಲಿ ತಂದಿದೆ. ಜುಲೈ 2 ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ.

ಕೊನೆಗೆ, ಫಾರ್ವರ್ಡಿನಲ್ಲಿ ಬರದ ಒಂದು ಸುದ್ದಿ. ನಮ್ಮ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಬರಹದ ಹಕ್ಕು ವಾರಸುದಾರರದು. ಹಳಕಟ್ಟಿಯವರ ಲೆಕ್ಕದಲ್ಲಿ ಆ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಬದುಕಿದ್ದಾಗ ಅವರು ತಮ್ಮ ಹೆಸರಿನಲ್ಲಿ ಪ್ರಕಟಿಸಿದ ಪುಸ್ತಕಗಳನ್ನು, 'ಶಿವಾನುಭವ'ದಲ್ಲಿನ ಅವರ ಲೇಖನಗಳನ್ನು ಈಗ ಯಾರು ಬೇಕಾದರೂ ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಹಂಚಬಹುದು. ಇತ್ತೀಚಿನವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಇಂಥ ಪುಸ್ತಕಗಳ ಸ್ಕ್ಯಾನ್ ಪುಟವನ್ನು ಒಂದು ಬದಿಗೆ, ಟೈಪ್ ಮಾಡಿದ ಅಕ್ಷರವನ್ನು ಇನ್ನೊಂದು ಬದಿಗೆ ಇಟ್ಟು ಕರಡು ತಿದ್ದುವ ವ್ಯವಸ್ಥೆ ಇದೆ. ಮೊಬೈಲಿನಲ್ಲೂ ಮಾಡಬಹುದು. ಒಂದು ಪುಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅನುಸ್ವಾರ ಸರಿಯಾಗಿದೆಯೇ ಎಂದು ನೋಡಿಕೊಂಡರೆ ಇನ್ನೂ ಸ್ವಲ್ಪ ಹೆಚ್ಚು.